ಹೊಲದ ಬದುವಿನಿಂದ ಕತ್ತಲೆಕಾನಿನವರೆಗೆ: ಔಷಧಿ ಗಿಡಗಳ ಬೆನ್ನು ಹತ್ತಿ

ಮೊದಲ ದಿನ: ದೇವರಾಯನದುರ್ಗ

ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು ನಾಮದ ಚಿಲುಮೆಯ ದಾರಿ ಹಿಡಿದಾಗ ಬಿಸಿಲು ಇನ್ನೂ ಏರಿರಲಿಲ್ಲ. ಆಗಸ್ಟ್ ತಿಂಗಳು. ಮೋಡ ಇತ್ತು, ಮಳೆ ಇರಲಿಲ್ಲ. ಜೊತೆಗೆ ಹಳೆಯ ಗೆಳೆಯ. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿಕೊಡುವುದರಿಂದ ಅವನು ನಮಗೆಲ್ಲ ‘ಮೇಷ್ಟ್ರು’. ಔಷಧಿ ಗಿಡಗಳನ್ನು ಒಂದೇ ಕಾಡಿನಲ್ಲಿ ನೋಡುವುದು ಬೇಡ. ಕುರುಚಲು ಕಾಡು, ಹೊಲ, ಅಡಿಕೆ ತೋಟ, ಸೊಪ್ಪಿನ ಬೆಟ್ಟ, ದಟ್ಟ ಕಾನು ಎಲ್ಲವನ್ನೂ ಸಾಲಾಗಿ ನೋಡುತ್ತಾ ಹೋದರೆ ಎಲ್ಲಿ ಏನು ಉಳಿದಿದೆ ಅಂತ ಗೊತ್ತಾಗುತ್ತದೆ ಅನ್ನುವುದು ಅವನದೇ ಐಡಿಯಾ. ಕಾರು ಓಡಿಸುವ ಕೆಲಸ ನನ್ನದು.

ನಾಮದ ಚಿಲುಮೆಯಲ್ಲಿ ಬಂಡೆಯ ಗುಳಿಯಿಂದ ನೀರು ಉಕ್ಕುವುದನ್ನು ನೋಡಲು ಜನ ಸೇರಿದ್ದರು. ರಾಮ ಹಣೆಗೆ ನಾಮ ಇಡಲು ನೀರಿಲ್ಲದೆ ಬಾಣ ಬಿಟ್ಟು ತೆಗೆದ ಚಿಲುಮೆ ಇದು ಅಂತ ಕಥೆ. ಪಕ್ಕದಲ್ಲಿ ಅರಣ್ಯ ಇಲಾಖೆಯ ಔಷಧಿ ಗಿಡಗಳ ವನ ಇದೆ, ಗಿಡದ ಮುಂದೆ ಹೆಸರಿನ ಬೋರ್ಡುಗಳಿವೆ. ಮಕ್ಕಳನ್ನು ಕರೆದುಕೊಂಡು ಬಂದವರಿಗೆ ಒಳ್ಳೆಯ ಜಾಗ. ಆದರೆ ನಮಗೆ ಬೇಕಾದದ್ದು ಮೇಲಿನ ಬೆಟ್ಟದ ಬಂಡೆಗಳ ಸಂದಿಯಲ್ಲಿತ್ತು. ಕೋತಿಗಳ ಕಾಟ ಜಾಸ್ತಿ, ತಿಂಡಿಯ ಚೀಲ ಕಾರಿನಲ್ಲೇ ಬಿಟ್ಟು ಹತ್ತುವುದು ವಾಸಿ.

ಅರ್ಧ ಗಂಟೆ ಹತ್ತಿದ ಮೇಲೆ ಮೇಷ್ಟ್ರು ಒಂದು ಬಂಡೆಯ ಪಕ್ಕ ಕುಕ್ಕರಗಾಲಲ್ಲಿ ಕೂತ. ಎದುರುಬದುರಾಗಿ ಎಲೆ ಬಿಟ್ಟ ಒಂದು ತೆಳ್ಳನೆಯ ಬಳ್ಳಿ. ಎಲೆ ಚಿವುಟಿದರೆ ಹಾಲು ಬಂತು. ಮಾಕಳಿ ಬೇರಿನ ಬಳ್ಳಿ. ಉಪ್ಪಿನಕಾಯಿ ತಿಂದವರಿಗೆ ಅದರ ವಾಸನೆ ಹೇಳಿಕೊಡಬೇಕಾಗಿಲ್ಲ. ಐಸ್‌ಕ್ರೀಮಿನ ವೆನಿಲ್ಲಾಗೆ ಹತ್ತಿರದ ಸಂಬಂಧಿಯಾದ ಒಂದು ರಾಸಾಯನಿಕ ಆ ಬೇರಿನಲ್ಲಿದೆ. ಜೀರ್ಣಕ್ಕೆ, ರಕ್ತ ಶುದ್ಧಿಗೆ ಅಂತ ಹಳಬರು ಬಳಸುತ್ತಿದ್ದರು. ತೊಂದರೆ ಏನೆಂದರೆ ಬೇಕಾದದ್ದು ಬೇರೇ. ಅಗೆದರೆ ಬಳ್ಳಿ ಹೋಯಿತು.

ಕೆಳಗೆ ಮೇಕೆ ಮೇಯಿಸುತ್ತಿದ್ದ ಅಜ್ಜ ನಮ್ಮನ್ನು ಬಹಳ ಹೊತ್ತಿನಿಂದ ಗಮನಿಸುತ್ತಿದ್ದರು. “ಅದನ್ನ ಕೀಳಾಕ್ ಬಂದಿದೀರಾ ಸಾಮಿ?” ಅಂತ ಕೇಳಿಯೇಬಿಟ್ಟರು. ಇಲ್ಲ, ನೋಡೋಕೆ ಬಂದದ್ದು ಅಂದರೆ ನಂಬಲಿಲ್ಲ. “ನಮ್ಮಪ್ಪ ಅರ್ಧ ಬೇರು ಬಿಟ್ಟು ಮಣ್ ಮುಚ್ಚೋನು. ಈಗಿನೋರು ಹಾರೆ ತರ್ತಾರೆ, ಬಂಡೇನೂ ಉರುಳಿಸ್ತಾರೆ” ಅಂದರು. ಆಮೇಲೆ ಮೇಷ್ಟ್ರ ಕೈಯಲ್ಲಿ ಬರಿ ಪುಸ್ತಕ ಇರುವುದನ್ನು ನೋಡಿ ಸಮಾಧಾನವಾದರು.

ಈ ಬೆಟ್ಟಕ್ಕೆ ಇನ್ನೊಂದು ಗುರುತಿದೆ. 1993ರಿಂದ ಕರ್ನಾಟಕ, ತಮಿಳುನಾಡು, ಕೇರಳದ ಅರಣ್ಯ ಇಲಾಖೆಗಳು, ನಾಟಿ ವೈದ್ಯ ಮತ್ತು ಔಷಧಿ ಗಿಡಗಳ ಮೇಲೆ ಕೆಲಸ ಮಾಡುವ ಬೆಂಗಳೂರಿನ ಎಫ್‌ಆರ್‌ಎಲ್‌ಎಚ್‌ಟಿ ಸಂಸ್ಥೆಯ ಜೊತೆ ಸೇರಿ, ಡೆನ್ಮಾರ್ಕಿನ ನೆರವಿನಿಂದ, ಔಷಧಿ ಸಸ್ಯಗಳಿಗೆಂದೇ ಕಾಡಿನ ತುಂಡುಗಳನ್ನು ಗುರುತಿಸಿ ಕಾಪಾಡಲು ಶುರು ಮಾಡಿದವು. ಒಂದೊಂದೂ ಸುಮಾರು 200 ಹೆಕ್ಟೇರ್. ನಮ್ಮ ರಾಜ್ಯದಲ್ಲಿ ಅಂಥ 13 ಜಾಗಗಳು: ಸಾವನದುರ್ಗ, ದೇವರಾಯನದುರ್ಗದಂಥ ಒಣ ಬೆಟ್ಟಗಳಿಂದ ಹಿಡಿದು ಆಗುಂಬೆ, ದೇವಿಮನೆಯಂಥ ಮಳೆಕಾಡಿನವರೆಗೆ. ಒಣನೆಲದ ಗಿಡ ಮಳೆನಾಡಿನಲ್ಲಿ ಉಳಿಯುವುದಿಲ್ಲ, ಹಾಗಾಗಿ ಎಲ್ಲ ಬಗೆಯ ಕಾಡಿನಲ್ಲೂ ಒಂದೊಂದು ಜಾಗ. ಸರಿಯಾದ ಲೆಕ್ಕವೇ. ಆದರೆ ಈ ಪಟ್ಟಿಯಲ್ಲಿ ಇರುವುದೆಲ್ಲ ಕಾಡು. ಕಾಡಲ್ಲದ ನೆಲದ ಗತಿ ಏನು ಅನ್ನುವ ಪ್ರಶ್ನೆ ನನ್ನ ತಲೆಗೆ ಹೊಕ್ಕಿದ್ದು ಮರುದಿನ.

ಎರಡನೇ ದಿನ: ತಿಪಟೂರು ಸೀಮೆ

ಮೇಷ್ಟ್ರ ಅಕ್ಕನ ಮನೆ ತಿಪಟೂರಿನಿಂದ ಸ್ವಲ್ಪ ಒಳಗೆ. ಒಂದು ಕಡೆ ತೆಂಗಿನ ತೋಟ, ಇನ್ನೊಂದು ಕಡೆ ರಾಗಿ ಹೊಲ. ಹಿಂದಿನ ವಾರ ಮಳೆ ಬಂದಿತ್ತಂತೆ, ಹೊಲದ ಬದುವೆಲ್ಲ ಹಸಿರು. ಅಕ್ಕ ಮಧ್ಯಾಹ್ನದ ಸಾರಿಗೆ ಸೊಪ್ಪು ತರಲು ಹೊರಟರು. ನಾವೂ ಹಿಂದೆ ಹೋದೆವು.

ಇದನ್ನು ನೋಡಬೇಕು. ಅಕ್ಕ ಬಗ್ಗುವುದು, ಮೂರು ಬೆರಳಲ್ಲಿ ಚಿವುಟುವುದು, ಮಡಿಲಿಗೆ ಹಾಕುವುದು ಎಲ್ಲ ಒಂದೇ ಓಟ. ಅಣ್ಣೆ ಸೊಪ್ಪು, ಹೊನಗೊನೆ, ಕನ್ನೆ ಸೊಪ್ಪು, ಕಾಶಿ ಸೊಪ್ಪು, ಗೋಣಿ ಸೊಪ್ಪು. ಬುಡ ಎಳೆಯುವುದಿಲ್ಲ, ಕುಡಿ ಮಾತ್ರ. ಒಂದೇ ಗಿಡದಲ್ಲಿ ಪೂರ್ತಿ ಕೀಳುವುದಿಲ್ಲ, ಎರಡು ಕುಡಿ ತೆಗೆದು ಮುಂದೆ. ಮಡಿಲು ತುಂಬಿದಾಗ ಅದರಲ್ಲಿ ಏಳೆಂಟು ಬಗೆಯ ಸೊಪ್ಪಿತ್ತು. ಇದೇ ಬೆರಕೆ ಸೊಪ್ಪು.

ಅದೇ ಬದುವಿನಲ್ಲಿ ಮೇಷ್ಟ್ರು ತನ್ನ ಪಟ್ಟಿ ಬರೆಯುತ್ತಿದ್ದ. ತುಂಬೆ, ಉತ್ತರಾಣಿ, ನೆಲನೆಲ್ಲಿ, ಕೊಮ್ಮೆ, ನೆಗ್ಗಿಲು, ತಂಗಡಿ, ಎಕ್ಕ, ಬೇಲಿಯ ಮೇಲೆ ಅಮೃತಬಳ್ಳಿ. ನೀರು ನಿಲ್ಲುವ ಮೂಲೆಯಲ್ಲಿ ಗರಗ. ನಾನು ದಾರಿಯುದ್ದಕ್ಕೂ ಕಳೆ ಅಂತ ತುಳಿದುಕೊಂಡು ಬಂದದ್ದೆಲ್ಲ ಆ ಪಟ್ಟಿಯಲ್ಲಿತ್ತು. ಕಾಮಾಲೆಗೆ ನೆಲನೆಲ್ಲಿ, ಕೂದಲಿನ ಎಣ್ಣೆಗೆ ಗರಗ, ಶೀತಕ್ಕೆ ತುಂಬೆ ಅಂತ ಅಕ್ಕ ಹೇಳುತ್ತಾ ಹೋದರು. ಮೇಷ್ಟ್ರು ಮಧ್ಯೆ ಬಾಯಿ ಹಾಕಿ, ಕಾಮಾಲೆಗೆ ಮೊದಲು ರಕ್ತ ಪರೀಕ್ಷೆ ಮಾಡಿಸಬೇಕು ಅಂದ. “ಅದ್ಯಾರು ಬ್ಯಾಡ ಅಂದ್ರು, ಬಾಯ್ಮುಚ್ಕೊಂಡು ಬರ್ಕೋ” ಅಂತ ಅಕ್ಕ ಗದರಿದರು.

ಪಕ್ಕದ ಹೊಲದ ಬದು ಮಾತ್ರ ಕಂದು ಬಣ್ಣ. ಸುಟ್ಟ ಹಾಗೆ, ಒಂದು ಗರಿಕೆಯೂ ಇಲ್ಲ. ಕಳೆನಾಶಕ ಹೊಡೆದಿದ್ದರು. ಆ ಹೊಲದವರನ್ನು ಬೈಯುವುದಕ್ಕೂ ಆಗುವುದಿಲ್ಲ. “ಕಳೆ ಕೀಳಾಕೆ ಆಳು ಎಲ್ ಸಿಕ್ತಾರೆ? ಸಿಕ್ಕರೂ ಆ ಕೂಲಿ ಕೊಟ್ಟು ರಾಗಿ ಬೆಳೆದು ಏನ್ ಉಳೀತದೆ?” ಅಂತ ಅಕ್ಕನೇ ಅವರ ಪರ ವಾದ ಮಾಡಿದರು. ಆದರೆ ಆ ಬದುವಿನ ಸೊಪ್ಪು ಮಾತ್ರ ಮುಟ್ಟುವುದಿಲ್ಲ. ಔಷಧಿ ಹೊಡೆದ ಹೊಲ ಯಾವುದು, ಹೊಡೆಯದ್ದು ಯಾವುದು ಅಂತ ಊರಿನ ಹೆಂಗಸರಿಗೆಲ್ಲ ಗೊತ್ತು. ಹೊಡೆಯದ ಹೊಲಗಳು ವರ್ಷ ವರ್ಷ ಕಡಿಮೆ ಆಗುತ್ತಿವೆ, ಸೊಪ್ಪಿಗೆ ದೂರ ನಡೆಯಬೇಕು.

ಊಟಕ್ಕೆ ಬಿಸಿ ಮುದ್ದೆ, ಬೆರಕೆ ಸೊಪ್ಪಿನ ಮಸ್ಸಾರು. ಎರಡನೇ ಮುದ್ದೆ ಬೇಡ ಅನ್ನುವಷ್ಟರಲ್ಲಿ ತಟ್ಟೆಗೆ ಬಿದ್ದಿತ್ತು. ಉಣ್ಣುತ್ತಲೇ ಮೇಷ್ಟ್ರು ಒಂದು ವಿಷಯ ಹೇಳಿದ. 2008ರಲ್ಲಿ ಪ್ರಕಟವಾದ ಒಂದು ದೊಡ್ಡ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 960 ಜಾತಿಯ ಔಷಧಿ ಸಸ್ಯಗಳು ವ್ಯಾಪಾರವಾಗುತ್ತವೆ. ಅದರಲ್ಲಿ 178 ಜಾತಿಗಳ ವ್ಯಾಪಾರ ವರ್ಷಕ್ಕೆ 100 ಟನ್ ಮೀರುತ್ತದೆ. ಹೀಗೆ ಭಾರಿ ಪ್ರಮಾಣದಲ್ಲಿ ಹೋಗುವುದರಲ್ಲಿ ದಟ್ಟ ಕಾಡಿನ ಮರಗಳಷ್ಟೇ ಇಲ್ಲ. ಬದು, ಬೀಳುಭೂಮಿ, ರಸ್ತೆ ಪಕ್ಕದ ಗಿಡಗಳೂ ಬೇಕಾದಷ್ಟಿವೆ. ನೆಗ್ಗಿಲು, ಕೊಮ್ಮೆ, ನೆಲನೆಲ್ಲಿ ಅಂಥವೇ. ಇವನ್ನು ಯಾರೂ ಬಿತ್ತುವುದಿಲ್ಲ, ಯಾರೂ ಕಾಯುವುದಿಲ್ಲ. ಅಪರೂಪದವು ಅಲ್ಲ ಅನ್ನುವ ಕಾರಣಕ್ಕೆ ಯಾವ ಪಟ್ಟಿಯಲ್ಲೂ ಬರುವುದಿಲ್ಲ.

ಮಧ್ಯಾಹ್ನ ಹೊರಟು ಅರಸೀಕೆರೆ, ಕಡೂರು, ತರೀಕೆರೆ ದಾಟಿದೆವು. ಭದ್ರಾವತಿ, ಶಿವಮೊಗ್ಗದ ಸುತ್ತ ಅಕೇಶಿಯಾ ನೆಡುತೋಪುಗಳು ಕಾಣತೊಡಗಿದವು. ಭದ್ರಾವತಿಯ ಕಾಗದ ಕಾರ್ಖಾನೆಗೆಂದು ಬೆಳೆಸಿದವು ಬಹಳಷ್ಟು. ದೂರದಿಂದ ನೋಡಿದರೆ ಕಾಡೇ. ಒಂದು ಕಡೆ ಇಳಿದು ಒಳಗೆ ಹೋದೆವು. ನೆಲದ ಮೇಲೆ ದಪ್ಪಗೆ ತರಗೆಲೆ, ಅಲ್ಲಲ್ಲಿ ಲಂಟಾನ, ಕಮ್ಯುನಿಸ್ಟ್ ಗಿಡದಂಥ ಹೊರಗಿನಿಂದ ಬಂದ ಕಳೆ. ಮೇಷ್ಟ್ರು ಪುಸ್ತಕ ತೆಗೆದು ಮತ್ತೆ ಜೇಬಿಗಿಟ್ಟ. ಬೆಳಿಗ್ಗೆಯ ಬದುವಿನಲ್ಲಿ ಒಂದು ಮಾರಿಗೆ ಸಿಕ್ಕಷ್ಟು ಬಗೆಯ ಗಿಡ ಇಲ್ಲಿ ಫರ್ಲಾಂಗು ನಡೆದರೂ ಸಿಗಲಿಲ್ಲ. ನಕ್ಷೆಯಲ್ಲಿ ಹಸಿರು ಬಣ್ಣ ಬಳಿಯುವವರು ಬದುವನ್ನು ಬಿಟ್ಟು ಇದಕ್ಕೆ ಬಳಿಯುತ್ತಾರೆ ಅಲ್ವಾ!

ತಾಳಗುಪ್ಪದ ಹತ್ತಿರ ಟೈರು ಪಂಕ್ಚರ್. ಕತ್ತಲು, ಮಳೆ, ಒಂದು ಛತ್ರಿ. ಸ್ಟೆಪ್ನಿ ಹಾಕುವಷ್ಟರಲ್ಲಿ ಇಬ್ಬರೂ ತೊಪ್ಪೆ. ಮಲೆನಾಡಿನ ಮಳೆಗಾಲಕ್ಕೆ ಹೋಗುವವರು ಒಂದು ಜೊತೆ ಒಣ ಬಟ್ಟೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ. ಡಿಕ್ಕಿಯ ತಳದಲ್ಲಿದ್ದರೆ ಇದ್ದೂ ಇಲ್ಲದ ಹಾಗೆ.

ಮೂರನೇ ದಿನ: ಸಿದ್ದಾಪುರದ ಒಂದು ಅಡಿಕೆ ಮನೆ

ಮೇಷ್ಟ್ರ ವಿದ್ಯಾರ್ಥಿಯೊಬ್ಬನ ಮನೆ. ಜಗಲಿ ಹತ್ತುವ ಮೊದಲೇ “ಆಸರಿಗೆ ಎಂತ ಕೊಡಲಿ?” ಅಂತ ಕೇಳಿ, ಉತ್ತರಕ್ಕೆ ಕಾಯದೆ ಮುರುಗಲು ಪಾನಕ ತಂದಿಟ್ಟರು. ತಿಂಡಿಗೆ ತೆಳ್ಳನೆಯ ದೋಸೆ, ಜೋನಿ ಬೆಲ್ಲ, ಪಕ್ಕದಲ್ಲಿ ಗಟ್ಟಿಯಾದ ಬಿಳಿಯ ಒಂದು ತುಪ್ಪ. ಉಪ್ಪಾಗೆ ಅನ್ನುವ ಕಾಡಿನ ಹುಳಿ ಹಣ್ಣಿನ ಬೀಜದಿಂದ ತೆಗೆದದ್ದು. ಅದರ ರುಚಿ ಮೊದಲ ತುತ್ತಿಗೆ ಹಿಡಿಸುವುದಿಲ್ಲ, ಮೂರನೆಯ ದೋಸೆಗೆ ಹಿಡಿಸುತ್ತದೆ.

ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಯುವ ಗಡಿಬಿಡಿಯ ದಿನಗಳು. ಆದರೂ ಯಜಮಾನರು ಬಿಡುವು ಮಾಡಿಕೊಂಡು ತೋಟ ತೋರಿಸಿದರು. ಮರಕ್ಕೆ ಹಬ್ಬಿದ ಕಾಳುಮೆಣಸು, ನೆರಳಿನಲ್ಲಿ ಹಿಪ್ಪಲಿ, ಕಾಲುವೆಯ ಅಂಚಿನಲ್ಲಿ ಒಂದೆಲಗ, ಜೌಗಿನಲ್ಲಿ ಬಜೆ. ಕೆಳಗಿನ ಗದ್ದೆ ಈಗ ಗದ್ದೆಯಲ್ಲ, ಅದಕ್ಕೂ ಅಡಿಕೆ ಇಟ್ಟಾಗಿದೆ. “ಗರಗ ಬೇಕು ಅಂದ್ರೆ ಈಗ ಪಕ್ಕದ ಊರಿನ ಗದ್ದೆಗೆ ಹೋಗ್ಬೇಕು” ಅಂದರು ಅಜ್ಜಿ.

ತೋಟದ ಮೇಲಿನ ಇಳಿಜಾರು ಸೊಪ್ಪಿನ ಬೆಟ್ಟ. ಗೊತ್ತಿಲ್ಲದವರಿಗೆ ಹೇಳುವುದಾದರೆ, ಉತ್ತರ ಕನ್ನಡದ ಘಟ್ಟದ ಮೇಲೆ ಒಂದು ಎಕರೆ ಅಡಿಕೆ ತೋಟಕ್ಕೆ 9 ಎಕರೆವರೆಗೆ ಬೆಟ್ಟ ಬಿಟ್ಟುಕೊಡುವ ಪದ್ಧತಿ ಬ್ರಿಟಿಷರ ಕಾಲದಿಂದ ಬಂದಿದೆ. ನೆಲ ಸರ್ಕಾರದ್ದು. ಸೊಪ್ಪು, ತರಗು, ಒಣ ಕಟ್ಟಿಗೆ ತರುವ ಹಕ್ಕು ತೋಟದವರದ್ದು. ಇದು ಕಾಡೂ ಅಲ್ಲ, ತೋಟವೂ ಅಲ್ಲ.

ಇವರ ಬೆಟ್ಟದಲ್ಲಿ ಮತ್ತಿ, ಹೊನ್ನೆ, ನೆಲ್ಲಿ, ಅಳಲೆ, ತಾರೆ, ದಾಲ್ಚಿನ್ನಿ, ಮುರುಗಲು ಎಲ್ಲ ಇತ್ತು. ಕೊಂಬೆ ಕಡಿದರೂ ತುದಿ ಬಿಟ್ಟು ಕಡಿದಿದ್ದರು. ಬೇಲಿಯಾಚೆ ಇನ್ನೊಬ್ಬರ ಬೆಟ್ಟ. ಅಲ್ಲಿ ಮರಗಳು ಬೋಳಾಗಿ ನಿಂತಿದ್ದವು, ಕೆಳಗೆ ಹುಲ್ಲು, ಕಮ್ಯುನಿಸ್ಟ್ ಗಿಡ. ಅದೇ ಮಣ್ಣು, ಅದೇ ಮಳೆ, ಅದೇ ಕಾನೂನು. ನಾಲ್ಕು ತಂತಿ ಬೇಲಿಯ ಆಚೀಚೆ ಇಷ್ಟು ವ್ಯತ್ಯಾಸ. ಮನೆಯಲ್ಲಿ ಬೆಟ್ಟ ತಿರುಗುವವರು ಇದ್ದಾರೋ ಇಲ್ಲವೋ ಅನ್ನುವುದರ ಮೇಲೆ ಎಲ್ಲ ನಿಂತಿದೆ ಅನಿಸಿತು. ಆಚೆ ಬೆಟ್ಟದವರ ಮಕ್ಕಳು ಬೆಂಗಳೂರಿನಲ್ಲಿದ್ದಾರಂತೆ.

ಇಲ್ಲಿ ನನಗೆ ಹೊಸದೆನಿಸಿದ್ದು ಕೊಡಸ. ಬೇಧಿಗೆ ಇದರ ತೊಗಟೆ ಹಳೆಯ ಮದ್ದು. ಬಿಸಿಲು ಬೀಳುವ, ಸ್ವಲ್ಪ ಬಿಚ್ಚಿಕೊಂಡ ಜಾಗ ಇದಕ್ಕೆ ಬೇಕು. ಬೆಟ್ಟದಲ್ಲಿ ಸೊಪ್ಪು ಕಡಿದು ಬೆಳಕು ಬಿಟ್ಟಿದ್ದರಿಂದಲೇ ಅದು ಚೆನ್ನಾಗಿ ಬೆಳೆದಿದೆ. ಬೇಲಿ ಹಾಕಿ ಯಾರೂ ಹೋಗದ ಹಾಗೆ ಮಾಡಿದರೆ ಕೆಲವು ವರ್ಷಕ್ಕೆ ನೆರಳು ಕವಿದು ಕೊಡಸ ಹಿಂದೆ ಸರಿಯುತ್ತದೆ, ನೆರಳು ಬಯಸುವ ಬೇರೆ ಗಿಡ ಬರುತ್ತದೆ. ಎಲ್ಲ ಔಷಧಿ ಗಿಡಕ್ಕೂ ಒಂದೇ ಬಗೆಯ ರಕ್ಷಣೆ ಆಗುವುದಿಲ್ಲ.

ಮಧ್ಯಾಹ್ನ ಅದೇ ಕೊಡಸದ ಹೂವಿನ ತಂಬುಳಿ. ಬೇಸಿಗೆಯಲ್ಲಿ ಹೂ ಆರಿಸಿ ಒಣಗಿಸಿ ಡಬ್ಬದಲ್ಲಿಟ್ಟು ಮಳೆಗಾಲಕ್ಕೆ ಬಳಸುತ್ತಾರೆ. ತುಪ್ಪದಲ್ಲಿ ಹುರಿದು, ಜೀರಿಗೆ, ಕಾಳುಮೆಣಸು, ಕಾಯಿ ಸೇರಿಸಿ ರುಬ್ಬಿ, ಮಜ್ಜಿಗೆ ಬೆರೆಸಿದ್ದು. ಸಣ್ಣ ಕಹಿ. ಜೊತೆಗೆ ಅಪ್ಪೆಹುಳಿ. ನಾನು ತಂಬುಳಿಯನ್ನು ಕುಡಿದೇಬಿಟ್ಟೆ. “ಇನ್ನೊಂಚೂರು ಹಾಕ್ಸ್ಕಳಿ ತಮಾ, ಹೊಟ್ಟೆಗೆ ಒಳ್ಳೇದು” ಅಂದರು ಅಜ್ಜಿ.

ಸಂಜೆ ಅಡುಗೆಮನೆಯ ಹಿಂದೆ ಹೊಗೆ. ಬಿದಿರಿನ ತಟ್ಟಿಯ ಮೇಲೆ ಉಪ್ಪಾಗೆ ಸಿಪ್ಪೆ ಹರಡಿ ಕೆಳಗೆ ಬೆಂಕಿ ಹಾಕಿದ್ದರು. ಹಣ್ಣಾಗುವುದು ಸರಿಯಾಗಿ ಮಳೆಗಾಲದಲ್ಲಿ, ಬಿಸಿಲಿಗೆ ಒಣಗಿಸುವ ಮಾತೇ ಇಲ್ಲ. ತೊಂಬತ್ತರ ದಶಕದಲ್ಲಿ ಉಪ್ಪಾಗೆಯಲ್ಲಿರುವ ಹುಳಿ ತೂಕ ಇಳಿಸುತ್ತದೆ ಅಂತ ವಿದೇಶದಲ್ಲಿ ಸುದ್ದಿಯಾಗಿ ಬೇಡಿಕೆ ಏರಿಬಿಟ್ಟಿತು. ಮೊದಲು ಉದುರಿದ ಹಣ್ಣು ಹೆಕ್ಕುತ್ತಿದ್ದವರು ಆಮೇಲೆ ಬಲಿಯದ ಕಾಯಿಗೂ ಮರ ಹತ್ತಿದರು, ಕೊಂಬೆಯನ್ನೇ ಕಡಿದರು. ಇತರರಿಗಿಂತ ಮೊದಲು ಕೊಯ್ಯದಿದ್ದರೆ ತನಗಿಲ್ಲ, ಅಷ್ಟೇ. ಒಣಗಿಸಲು ಸುಟ್ಟ ಕಟ್ಟಿಗೆಯೂ ಕಾಡಿನದ್ದೇ. ಈಗ ಕಟ್ಟಿಗೆ ಕಡಿಮೆ ಬೇಡುವ ಒಲೆಗಳು ಬಂದಿವೆ. ಈ ಮನೆಯವರು ತಮ್ಮ ಬೆಟ್ಟದಲ್ಲೇ ಉಪ್ಪಾಗೆ ಸಸಿ ನೆಟ್ಟು ಬೆಳೆಸಿದ್ದಾರೆ, ಹಾಗಾಗಿ ಹಣ್ಣಾಗುವವರೆಗೆ ಕಾಯುವುದು ಅವರಿಗೆ ಕಷ್ಟವಿಲ್ಲ.

ನಾಲ್ಕನೇ ದಿನ: ಕತ್ತಲೆಕಾನು

ಮಾವಿನಗುಂಡಿ ದಾಟಿ ಹೊನ್ನಾವರದ ಕಡೆ ಇಳಿಯುವ ರಸ್ತೆ. ಮೊದಲೇ ಅನುಮತಿ ಕೇಳಿದ್ದರಿಂದ ಅರಣ್ಯ ಇಲಾಖೆಯ ವಾಚರ್ ಒಬ್ಬರು ಜೊತೆಗೆ ಬಂದರು. ಅನುಮತಿ ಇಲ್ಲದೆ ಒಳಗೆ ಹೋಗುವ ಹಾಗಿಲ್ಲ, ಹೋಗಬೇಕೂ ಇಲ್ಲ. ದಾರಿ ಗೊತ್ತಿಲ್ಲದವರು ಜೌಗಿನಲ್ಲಿ ಕಾಲಿಟ್ಟರೆ ಬೇರೂ ಹಾಳು, ಕಾಲೂ ಹಾಳು. ವಾಚರ್ ಅಣ್ಣ ನಮ್ಮ ಕಾಲಿಗೆ ಹೊಗೆಸೊಪ್ಪು, ಸುಣ್ಣ ನೀರಿನಲ್ಲಿ ಕಲಸಿ ಹಚ್ಚಿದರು. ಉಂಬಳಗಳಿಗೆ ಅದು ಅರ್ಧ ಗಂಟೆ ಮಾತ್ರ ಅಡ್ಡಿಯಾಯಿತು.

ಒಳಗೆ ನಿಜವಾಗಲೂ ಕತ್ತಲು. ಮಳೆ ನಿಂತಿದ್ದರೂ ಎಲೆಯಿಂದ ಹನಿ ಬೀಳುತ್ತಲೇ ಇತ್ತು. ಒಂದು ಸಣ್ಣ ಹಳ್ಳ ಹರಡಿಕೊಂಡು ಜೌಗಾದ ಕಡೆ ರಾಮಪತ್ರೆ ಜಡ್ಡಿ. ರಾಮಪತ್ರೆ ಅಂದರೆ ಕಾಡು ಜಾಯಿಕಾಯಿ, ಅದರ ಸಂಬಂಧಿ ಮರಗಳು ನೀರಿನಲ್ಲೇ ನಿಂತಿವೆ. ಕೆಲವಕ್ಕೆ ಕಾಂಡದಿಂದ ಇಳಿದ ಊರುಗೋಲಿನಂಥ ಬೇರು. ಕೆಲವದ್ದು ಮಣ್ಣಿನಿಂದ ಮೇಲೆದ್ದು, ಮಂಡಿಯ ಹಾಗೆ ಬಾಗಿ, ಮತ್ತೆ ಮಣ್ಣಿಗೆ ಹೋಗುವ ಬೇರು. ಕೆಸರಿನಲ್ಲಿ ಗಾಳಿ ಸಿಗುವುದಿಲ್ಲವಾದ್ದರಿಂದ ಮೇಲೆ ಬಂದು ಉಸಿರಾಡುವ ಏರ್ಪಾಡು. ಒಂದು ಬೇರಿನ ಮೇಲೆ ಬೆರಳಿಟ್ಟು ನೋಡಿದೆ. ಒರಟು, ತಣ್ಣಗೆ, ಮೇಲೆಲ್ಲ ಸಣ್ಣ ಸಣ್ಣ ಗುಳ್ಳೆ.

ಇಲ್ಲಿಯೇ ಸಿಕ್ಕ ಒಂದು ಗೇರು ಜಾತಿಯ ಮರವನ್ನು 2000ರಲ್ಲಿ ವಿಜ್ಞಾನಕ್ಕೆ ಹೊಸದು ಅಂತ ಗುರುತಿಸಿ, ಈ ಊರಿನ ಹೆಸರನ್ನೇ ಸೇರಿಸಿ ‘ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್’ ಅಂತ ಕರೆದರು. ಇರುವ ಮರಗಳು ಬಹಳ ಕಡಿಮೆ. 2011ರಲ್ಲಿ ಈ ಭಾಗ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲಿಗೆ ಸೇರಿತು. ಸಿಂಗಳೀಕ ನಮಗೆ ಕಾಣಲಿಲ್ಲ. ಮಂಗಟ್ಟೆಯ ರೆಕ್ಕೆಯ ಸದ್ದು ಮಾತ್ರ ಕೇಳಿತು, ಆಕಾಶದಲ್ಲಿ ಯಾರೋ ತಿದಿ ಒತ್ತಿದ ಹಾಗೆ. ರಾಮಪತ್ರೆ ಬೀಜವನ್ನು ದೂರ ಒಯ್ದು ಹಾಕುವುದು ಇಂಥ ಹಕ್ಕಿಗಳೇ. ಅಂಗಡಿಗೆ ಹೋಗುವುದು ಬೀಜಕ್ಕೆ ಸುತ್ತಿಕೊಂಡ ಪೊರೆ, ಅದೇ ಪತ್ರೆ. ಕಾಯಿ ಬಿರಿಯುವ ಮೊದಲೇ ಎಲ್ಲ ಕೊಯ್ದರೆ ಹಕ್ಕಿಗೂ ಇಲ್ಲ, ಸಸಿಯೂ ಇಲ್ಲ.

ವಾಚರ್ ಅಣ್ಣ ಹೆಚ್ಚು ಮಾತಿನವರಲ್ಲ. ಒಂದು ಕಡೆ ನಿಂತು ಹಳೆಯ ಗಾಯದ ಗುರುತಿದ್ದ ಮರ ತೋರಿಸಿದರು. ಹೆಚ್ಚುಕಡಿಮೆ ಸುತ್ತಲೂ ತೊಗಟೆ ಸುಲಿದಿದ್ದರಂತೆ. “ಒಂದ್ ಬದಿ ಸುಲಿದ್ರೆ ಮರ ಬದುಕ್ತದೆ. ಸುತ್ತಲೂ ಸುಲಿದ್ರೆ ಎರಡೇ ವರ್ಷ” ಅಂದರು. ಆ ಮರ ಒಂದು ಬದಿ ಉಳಿಸಿಕೊಂಡು ಹೇಗೋ ಬದುಕಿತ್ತು. ಮೇಷ್ಟ್ರು ಫೋಟೋ ತೆಗೆಯುತ್ತಿದ್ದಾಗ ಅವನ ಕಿವಿಯ ಹಿಂದೆ ಉಂಬಳ ದಪ್ಪಗಾಗಿ ನೇತಾಡುತ್ತಿತ್ತು. ಉಪ್ಪು ಹಾಕಿ ಬಿಡಿಸಿದರೂ ರಕ್ತ ಅರ್ಧ ಗಂಟೆ ನಿಲ್ಲಲಿಲ್ಲ. ವಾಚರ್ ಅಣ್ಣ ಕಮ್ಯುನಿಸ್ಟ್ ಗಿಡದ ಎಲೆ ಹೊಸಕಿ ಒತ್ತಿದರು, ಕೊನೆಗೆ ನಿಂತಿತು. ಮೂರು ದಿನದಿಂದ ಆ ಗಿಡವನ್ನು ಬೈಯುತ್ತಿದ್ದ ಮೇಷ್ಟ್ರು ಏನೂ ಮಾತಾಡಲಿಲ್ಲ.

ಐದನೇ ದಿನ: ಶಿರಸಿ, ದೇವಿಮನೆ ಘಟ್ಟ

ಶಿರಸಿಯಲ್ಲಿ ಕಾಡುತ್ಪತ್ತಿ ಕೊಳ್ಳುವ ಒಂದು ಮಳಿಗೆಗೆ ಹೋದೆವು. ಗೋಣಿಚೀಲಗಳ ಸಾಲು, ಉಪ್ಪಾಗೆಯ ಹುಳಿ ವಾಸನೆ, ಅಳಲೆಕಾಯಿಯ ಧೂಳು. ಮಾಲೀಕರು ಒಂದೊಂದೇ ಚೀಲದ ಬಾಯಿ ಬಿಚ್ಚಿ ತೋರಿಸಿದರು. ಕೊರೋನಾ ವರ್ಷಗಳಲ್ಲಿ ಅಮೃತಬಳ್ಳಿ ಕೇಳಿದವರಿಗೆ ಲೆಕ್ಕವಿಲ್ಲವಂತೆ. ಅಶೋಕದ ತೊಗಟೆ ಇದೆಯಾ ಅಂತ ಕೇಳಿದ್ದಕ್ಕೆ ನಕ್ಕರು. ನಿಜವಾದ ಅಶೋಕ ಮರ ಕಾಡಿನಲ್ಲೇ ಅಪರೂಪ. ಪೇಟೆಯಲ್ಲಿ ಆ ಹೆಸರಿನಲ್ಲಿ ಬರುವುದರಲ್ಲಿ ಕಾಂಪೌಂಡ್ ಪಕ್ಕ ಕಂಬದ ಹಾಗೆ ನೆಡುವ ಉದ್ದನೆಯ ಮರದ ತೊಗಟೆಯೂ ಸೇರಿರುತ್ತದೆ, ಅದು ಬೇರೆ ಮರವೇ. “ಎಲೆ, ಕಾಯಿ ತರೋರು ಮರುವರ್ಷ ಅದೇ ಊರಿಂದ ಬರ್ತಾರೆ. ತೊಗಟೆ, ಬೇರು ತರೋರು ಪ್ರತಿ ಸಲ ಬೇರೆ ಊರಿನ ಹೆಸರು ಹೇಳ್ತಾರೆ” ಅಂದರು. ಮೇಷ್ಟ್ರು ಈ ಮಾತನ್ನು ಹಾಗೇ ಬರೆದುಕೊಂಡ.

ಕುಮಟಾ ರಸ್ತೆಯಲ್ಲಿ ದೇವಿಮನೆ ಘಟ್ಟ ಇಳಿಯುವಾಗ ಮುಂದೆ ವಾಹನಗಳ ಸಾಲು. ಮಣ್ಣು ಕುಸಿದಿತ್ತು. ಮಳೆಗಾಲದಲ್ಲಿ ಈ ದಾರಿಗೆ ಹೊರಡುವ ಮೊದಲು ಶಿರಸಿಯಲ್ಲೇ ವಿಚಾರಿಸುವುದು ಒಳ್ಳೆಯದು. ನಾವು ವಿಚಾರಿಸಿಯೇ ಹೊರಟಿದ್ದೆವು, ಮಣ್ಣು ಆಮೇಲೆ ಬಿತ್ತು. ಜೆಸಿಬಿ ಬರುವವರೆಗೆ ಬಸ್ಸಿನವರೆಲ್ಲ ಇಳಿದು ನಿಂತರು. ಯಾರೋ ಬೇಯಿಸಿದ ಶೇಂಗಾ ಹಂಚಿದರು.

ಅಲ್ಲಿ ನಿಂತು ಮೇಷ್ಟ್ರಿಗೂ ನನಗೂ ಜಗಳ. ದೇವಿಮನೆಯಂಥ ಕಾಡು ಉಳಿಯಬೇಕು, ಕತ್ತಲೆಕಾನಿನ ಮರಗಳಿಗೆ ಬೇರೆ ಮನೆ ಇಲ್ಲ, ದುಡ್ಡು ಸಿಬ್ಬಂದಿ ಏನಿದ್ದರೂ ಮೊದಲು ಅಲ್ಲಿಗೆ ಹೋಗಬೇಕು ಅನ್ನುವುದು ಅವನ ವಾದ. ಅದು ಸುಳ್ಳಲ್ಲ. ಆದರೆ ಜನ ದಿನಾ ಬಳಸುವ ಗಿಡ ಇರುವುದು ಬದುವಿನಲ್ಲಿ, ಬೆಟ್ಟದಲ್ಲಿ, ಗದ್ದೆಯ ಅಂಚಿನಲ್ಲಿ. ಅಲ್ಲಿ ಅವು ಸದ್ದಿಲ್ಲದೆ ಹೋಗುತ್ತಿವೆ. ಹೋದ ಮೇಲೆ ಆ ಗಿಡದ ಹೆಸರು ಗೊತ್ತಿರುವವರೂ ಇರುವುದಿಲ್ಲ. ಬದು ಕಾಯಲು ವಾಚರ್ ಬೇಕಾಗಿಲ್ಲ, ಕಳೆನಾಶಕ ಬೆಳೆಯೊಳಗೆ ನಿಂತು ಬದುವಿಗೆ ಬರದಿದ್ದರೆ ಸಾಕು ಅಂದೆ. “ಅದನ್ನ ರೈತರಿಗೆ ಹೇಳೋರು ಯಾರು, ನೀನಾ?” ಅಂದ. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನಮ್ಮ ಮಾತು ಕೇಳುತ್ತಿದ್ದ ಬಸ್ಸಿನ ಒಬ್ಬ ಹೆಂಗಸು, “ನೀವು ಕೃಷಿ ಇಲಾಖೆಯವ್ರ?” ಅಂತ ಕೇಳಿ, ತಮ್ಮ ಗೇರುಗಿಡಕ್ಕೆ ಬಂದ ರೋಗದ ಬಗ್ಗೆ ಹೇಳತೊಡಗಿದರು.

ರಸ್ತೆ ಬಿಟ್ಟುಕೊಟ್ಟು ಕುಮಟಾ ತಲುಪಿದಾಗ ಮೂರು ಗಂಟೆ ದಾಟಿತ್ತು. ಊಟ ಮುಗಿದಿದೆ ಅಂದ ಹೋಟೆಲಿನವರು ಕನಿಕರದಿಂದ ಅನ್ನ, ಸಾರು, ಹಪ್ಪಳ ಹಾಕಿದರು. ಮೇಷ್ಟ್ರು ಉಣ್ಣುತ್ತಾ, ಈ ವರ್ಷದ ಹುಡುಗರಿಗೆ ಹರ್ಬೇರಿಯಂಗೆ, ಅಂದರೆ ಒಣಗಿಸಿ ಅಂಟಿಸಿಡುವ ಗಿಡಗಳ ಸಂಗ್ರಹಕ್ಕೆ, ಕಾಡಿನ ಗಿಡ ಕೇಳುವುದಿಲ್ಲ, ಅವರವರ ಹೊಲದ ಬದುವಿನದ್ದೇ ತನ್ನಿ ಅಂತೀನಿ, ಮನೆಯಲ್ಲಿ ಅಜ್ಜಿ ಅಮ್ಮಂದಿರನ್ನ ಕೇಳಿ ಬಳಕೆಯನ್ನೂ ಬರೀಲಿ ಅಂದ. ಹೊಲ ಇಲ್ಲದ ಹುಡುಗರು ಏನು ಮಾಡಬೇಕು ಅಂತ ಕೇಳಿದೆ. “ಮನೆ ಕಟ್ಟದೆ ಬಿಟ್ಟ ಸೈಟುಗಳು ಊರ ತುಂಬ ಇದಾವಲ್ಲ, ಅಲ್ಲಿಗೆ ಹೋಗ್ಲಿ” ಅಂತ ಮಜ್ಜಿಗೆಗೆ ಕೈಯೊಡ್ಡಿದ.